ಅಜ್ಜಿಯರ ರಕ್ತ, ಮೊಮ್ಮಕ್ಕಳ ಗುರುತು

ಅಪ್ಪ ಇಲ್ಲ, ಅಮ್ಮನೂ ಇಲ್ಲ. ಮಗು ಯಾರದ್ದು ಅಂತ ಪತ್ತೆ ಹಚ್ಚೋದು ಹೇಗೆ?

1976ರಲ್ಲಿ ಅರ್ಜೆಂಟೀನಾದ ಅಧಿಕಾರ ಕಿತ್ತುಕೊಂಡ ಸೇನೆ ಸಾವಿರಾರು ಜನರನ್ನು ಕಣ್ಮರೆ ಮಾಡಿತು. ಸೆರೆಯಲ್ಲಿ ಹೆತ್ತ ತಾಯಂದಿರಿಂದ ಕೂಸುಗಳನ್ನು ಕಸಿದು ಬೇರೆಯವರ ಮಡಿಲಿಗೆ ಹಾಕಿತು.

ನಮ್ಮ ರಕ್ತದಿಂದ ಮೊಮ್ಮಕ್ಕಳನ್ನು ಗುರುತಿಸಬಹುದಾ ಅಂತ ಆ ಕೂಸುಗಳ ಅಜ್ಜಿಯರು ವಿಜ್ಞಾನಿಗಳ ಬಾಗಿಲು ತಟ್ಟಿದರು. ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ನೆರವಿಗೆ ಬಂದರು. ಮೈಟೊಕಾಂಡ್ರಿಯಾದ ಡಿಎನ್‌ಎ ನಮಗೆ ಬರೋದು ತಾಯಿಯಿಂದ ಮಾತ್ರ. ತಾಯಿಗೆ ಬಂದಿದ್ದು ಅವಳ ತಾಯಿಯಿಂದ. ನಡುವಿನ ಕೊಂಡಿಯನ್ನೇ ಕೊಂದರೂ ಅಮ್ಮಮ್ಮನದೂ ಮೊಮ್ಮಗುವಿನದೂ ಹೊಂದುತ್ತೆ!

1987ರಲ್ಲಿ ಈ ಕುಟುಂಬಗಳ ರಕ್ತದ ಮಾದರಿ ಕಾಪಿಡಲು ಕಾನೂನೇ ಬಂತು. 2014ರಲ್ಲಿ ಈ ಅಜ್ಜಿಯರು ಕಟ್ಟಿಕೊಂಡ ಸಂಘದ ಅಧ್ಯಕ್ಷೆ ಎಸ್ತೆಲಾ ದೆ ಕಾರ್ಲೊತ್ತೊ ಅವರಿಗೆ ಮೊಮ್ಮಗ ಸಿಕ್ಕಾಗ ಅವನಿಗೆ 36 ವರ್ಷ. ತನ್ನ ಹುಟ್ಟಿನ ಬಗ್ಗೆ ಅನುಮಾನ ಬಂದು ತಾನೇ ಪರೀಕ್ಷೆ ಮಾಡಿಸಿಕೊಂಡಿದ್ದ. ಈವರೆಗೆ ಗುರುತು ಸಿಕ್ಕವರು 130ಕ್ಕೂ ಹೆಚ್ಚು. ಉಳಿದವರ ಹುಡುಕಾಟ ನಡೆದೇ ಇದೆ.