ತೋಟದ ಮನೆಯಲ್ಲಿ ಇಬ್ಬರಿದ್ದಾರೆ

2019ರ ಆಗಸ್ಟ್ ಮೊದಲ ವಾರ ಬೆಳಗಾವಿ ತಾಲ್ಲೂಕಿನ ಕಬಲಾಪುರದಲ್ಲಿ ಗಂಡ ಹೆಂಡತಿ ಇಬ್ಬರು ಪ್ರವಾಹದ ನಡುವೆ ಸಿಕ್ಕಿಹಾಕಿಕೊಂಡರು. ಬಳ್ಳಾರಿ ನಾಲಾ ಉಕ್ಕಿ ಸುತ್ತಲೂ ನೀರಾಗಿತ್ತು. ಒಂದು ರಾತ್ರಿ ಕಳೆಯಿತು, ಎರಡನೆಯದೂ ಕಳೆಯಿತು. ಕೊನೆಗೆ ಸೇನೆಯವರೂ ಎನ್‌ಡಿಆರ್‌ಎಫ್‌ನವರೂ ಸೇರಿ ಇಬ್ಬರನ್ನೂ ಜೀವಂತವಾಗಿ ದಡ ಸೇರಿಸಿದಾಗ ಟಿ.ವಿ. ಮುಂದೆ ಕೂತಿದ್ದ ಜಿಲ್ಲೆಗೆ ಜಿಲ್ಲೆಯೇ ನಿಟ್ಟುಸಿರು ಬಿಟ್ಟಿತು. ರಕ್ಷಣೆಗೆ ಇಳಿದವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಧೈರ್ಯ ಕೆಲಸಕ್ಕೆ ಬಂದದ್ದು ಅದಕ್ಕೂ ಮೊದಲಿನ ಒಂದು ಸಂಗತಿಯಿಂದ: ಅಲ್ಲಿ ಇಬ್ಬರಿದ್ದಾರೆ ಎಂಬುದು ದಡದಲ್ಲಿದ್ದವರಿಗೆ ಗೊತ್ತಿತ್ತು.

ಕೃಷ್ಣೆಯ ದಂಡೆಯ ಅಂಕಲಿ, ಮಾಂಜರಿ, ಯಡೂರ, ಇಂಗಳಿಗಳ ಕಬ್ಬಿನ ತೋಟಗಳಲ್ಲಿ ಈ ‘ಗೊತ್ತಿರುವುದು’ ಅಷ್ಟು ಸುಲಭವಲ್ಲ.

ಅಂಕಲಿ ಎಂದರೆ ಮಹಾರಾಷ್ಟ್ರದ ವಾರಕರಿಗಳಿಗೆ ಕುದುರೆಗಳು ನೆನಪಾಗುತ್ತವೆ. ಸಂತ ಜ್ಞಾನೇಶ್ವರರ ಪಾಲಖಿಯ ಜೊತೆ ಹೆಜ್ಜೆ ಹಾಕುವ ಅಶ್ವಗಳು ಇಲ್ಲಿಯ ಶಿತೋಳೆ ಸರ್ಕಾರರ ವಾಡೆಯಿಂದಲೇ ಪ್ರತಿವರ್ಷ ಆಳಂದಿಗೆ ಹೊರಡುತ್ತವೆ. ಮುಂಗಾರಿನ ಹೊತ್ತಿಗೆ ಕುದುರೆಗಳು ಆ ಕಡೆ ಹೋಗುತ್ತವೆ, ತಿಂಗಳೆರಡು ತಿಂಗಳಲ್ಲಿ ಆ ಕಡೆಯಿಂದ ನೀರು ಬರುತ್ತದೆ. ಮಹಾಬಳೇಶ್ವರದ ಮಳೆ, 105 ಟಿಎಂಸಿ ಹಿಡಿಯುವ ಕೊಯ್ನಾ ಜಲಾಶಯದ ಗೇಟು, ಸಾಂಗ್ಲಿಯ ಹತ್ತಿರ ಕೂಡುವ ವಾರಣಾ, ನರಸೋಬವಾಡಿಯಲ್ಲಿ ಕೂಡುವ ಪಂಚಗಂಗಾ ಎಲ್ಲವೂ ಒಂದಾಗಿ ರಾಜಾಪುರ ಬ್ಯಾರೇಜು ದಾಟಿ ಗಡಿಯೊಳಗೆ ಬರುತ್ತವೆ. ನಿಪ್ಪಾಣಿ ಕಡೆಯಿಂದ ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಕಲ್ಲೋಳದ ಬಳಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಂದ ಮುಂದೆ ರಾಯಬಾಗ, ಕುಡಚಿ, ಉಗಾರ, ಅಥಣಿಯವರೆಗೆ ಹೊಳಿ ಒಂದೇ, ಅದರ ಹೊಟ್ಟೆಯಲ್ಲಿ ಮಾತ್ರ ಆರು ಹೊಳಿಯ ನೀರು.

ಇಲ್ಲಿಯ ಹಿರಿಯರಿಗೆ ಹವಾಮಾನ ಇಲಾಖೆಗಿಂತ ಹಳೆಯ ಲೆಕ್ಕವೊಂದಿದೆ. ನರಸೋಬವಾಡಿಯ ದತ್ತ ಮಂದಿರಕ್ಕೆ ನೀರು ಹೊಕ್ಕಿತೇ, ಪಾದುಕೆಗಳ ಮೇಲೆ ಹರಿದು ದಕ್ಷಿಣದ್ವಾರದಿಂದ ಹೊರಬಿತ್ತೇ ಎಂದು ಕೇಳುತ್ತಾರೆ. ಅಲ್ಲಿ ಅದು ಭಕ್ತರ ಪುಣ್ಯಸ್ನಾನ. ಇಲ್ಲಿ ಪಂಪ್‌ಸೆಟ್ ಬಿಚ್ಚಿ ಮೇಲೆ ತರುವ ಹೊತ್ತು.

ಈ ನೀರು ಗುಡ್ಡದ ಹಳ್ಳದ ಹಾಗೆ ಒಮ್ಮೆಲೇ ನುಗ್ಗುವುದಿಲ್ಲ. ಕಪ್ಪು ಮಣ್ಣಿನ ಸಪಾಟು ಸೀಮೆ ಇದು. ಹೊಳಿ ದಂಡೆ ಮೀರುವ ಮೊದಲೇ ಹಳ್ಳಗಳಲ್ಲಿ ನೀರು ಹಿಂದಕ್ಕೆ ಒತ್ತಿಕೊಂಡು ಬರುತ್ತದೆ. ಎದುರಿಗೆ ಹೊಳಿಯನ್ನೇ ನೋಡುತ್ತ ಕೂತವರಿಗೆ ಬೆನ್ನ ಹಿಂದೆ ದಾರಿ ಮುಳುಗಿದ್ದು ತಿಳಿಯುವುದಿಲ್ಲ. ಮನೆ ಇರುವುದು ದಿಬ್ಬದ ಮೇಲೆ, ಊರಿಗೆ ಹೋಗುವ ಬಂಡಿದಾರಿ ಇರುವುದು ತಗ್ಗಿನಲ್ಲಿ. ಅಂಗಳ ಒಣಗಿರುವಾಗಲೇ ಆ ಮನೆ ನಡುಗಡ್ಡೆಯಾಗಿರುತ್ತದೆ.

ಚಿಕ್ಕೋಡಿ ಭಾಗದ ಊರು ಅಂದರೆ ಅಗಸಿ, ಚಾವಡಿ, ಗುಡಿಯ ಸುತ್ತಲಿನ ಮನೆಗಳಷ್ಟೇ ಅಲ್ಲ. ನೀರಾವರಿ ಬಂದು ಕಬ್ಬು ಬಂದ ಮೇಲೆ ಅರ್ಧ ಊರು ತೋಟಕ್ಕೆ ಹೋಗಿ ಕೂತಿದೆ. ಬಾವಿಯ ಹತ್ತಿರ ಎರಡು ಖೋಲಿ, ಮುಂದೆ ತಗಡಿನ ಪಡಸಾಲೆ, ಪಕ್ಕದಲ್ಲಿ ದನದ ಕೊಟ್ಟಿಗೆ, ಒಂದು ಬೇವಿನ ಗಿಡ. ಮಕ್ಕಳು ದೊಡ್ಡವರಾಗಿ ಪುಣೆಗೋ ಇಚಲಕರಂಜಿಗೋ ಬೆಂಗಳೂರಿಗೋ ದುಡಿಯಲು ಹೋದ ಮೇಲೆ ಆ ಖೋಲಿಗಳಲ್ಲಿ ಉಳಿಯುವವರು ಅಜ್ಜ, ಆಯಿ ಇಬ್ಬರೇ. ಹಗಲು ಕಬ್ಬಿಗೆ ನೀರು ಹಾಯಿಸುವ ಆಳು, ಹಾಲಿಗೆ ಬರುವ ಹುಡುಗ, ಯಾರಾದರೂ ಸುಳಿಯುತ್ತಾರೆ. ರಾತ್ರಿ ಮಾತಿಗೆ ಮಾತು ಕೊಡಲು ಅವರಿಗವರೇ. ಆಗಸ್ಟ್ ಹೊತ್ತಿಗೆ ಕಬ್ಬು ಆಳೆತ್ತರ ದಾಟಿರುತ್ತದೆ. ಪಕ್ಕದ ಮನೆ ಒಂದು ಕೂಗಿನಷ್ಟು ದೂರದಲ್ಲಿದ್ದರೂ ದೀಪ ಕಾಣುವುದಿಲ್ಲ. ಸೇತುವೆಯ ಮೇಲೆ ನಿಂತು ನೋಡಿದರೆ ಹಸಿರು ಸಮುದ್ರ, ಅದರಲ್ಲಿ ಎಲ್ಲಿ ಯಾರಿದ್ದಾರೆ ಎಂಬುದು ಇದ್ದವರಿಗೆ ಮಾತ್ರ ಗೊತ್ತು. ಮನುಷ್ಯರೇ ಮಾಡಿಟ್ಟ ಅರಣ್ಯ ಇದು, ವರ್ಷದಲ್ಲಿ ಕೆಲವು ದಿನ ಮಾತ್ರ ದುರ್ಗಮವಾಗುವ ಅರಣ್ಯ.

ಹೊರಡಲು ಏಕೆ ಒಪ್ಪುವುದಿಲ್ಲ ಎಂದು ಪೇಟೆಯಲ್ಲಿರುವವರು ಸಿಟ್ಟಾಗುತ್ತಾರೆ. ತಹಶೀಲ್ದಾರರ ಡಂಗುರ ಬಂದಿರುತ್ತದೆ, ಟ್ರ್ಯಾಕ್ಟರ್ ಬಾಗಿಲಿಗೆ ಬಂದಿರುತ್ತದೆ, ಮಗ ಫೋನಿನಲ್ಲಿ ಬೈದಿರುತ್ತಾನೆ. ಅಜ್ಜನ ಉತ್ತರ ಒಂದೇ: “2005ರಾಗ ಈ ಕಟ್ಟಿ ತನಕ ಬಂದಿತ್ತು, ಅದರ ಮ್ಯಾಲ ಬರಂಗಿಲ್ಲೋ.” ಇದನ್ನು ಹಟಮಾರಿತನ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಕಣ್ಣಾರೆ ಕಂಡ ಗುರುತು ಅದು, ಗೋಡೆಯ ಮೇಲೆ ಇನ್ನೂ ಕಲೆಯಾಗಿ ಉಳಿದಿರುವ ಪ್ರಮಾಣ. ಆದರೆ 2019ರಲ್ಲಿ ಹೊಳಿ ಆ ಪ್ರಮಾಣವನ್ನೇ ಮುಳುಗಿಸಿತು. ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ 2005ರಲ್ಲಿ ನೀರು ಸುಮಾರು 54 ಅಡಿಗೆ ಮುಟ್ಟಿತ್ತು, 2019ರಲ್ಲಿ 57 ಅಡಿ ದಾಟಿತು. ಮೂರು ಅಡಿ ಎಂದರೆ ಸಣ್ಣ ಲೆಕ್ಕದಂತೆ ಕಾಣುತ್ತದೆ. ಸಪಾಟು ನೆಲದಲ್ಲಿ ಮೂರು ಅಡಿ ಎಂದರೆ ಕಟ್ಟೆಯ ಮೇಲೆ ಒಣಗಿ ಕೂತವರು ಸೊಂಟಮಟ್ಟದ ನೀರಿನಲ್ಲಿ ನಿಲ್ಲುವುದು, ಹಳೆಯ ಗುರುತಿನ ಆಚೆ ಮೈಲುಗಟ್ಟಲೆ ಹೊಸ ಹೊಲಗಳಿಗೆ ನೀರು ಹಬ್ಬುವುದು. ಆ ವಾರ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಗಿತ್ತು. ಹೆದ್ದಾರಿಗೇ ಆ ಗತಿಯಾದರೆ ತೋಟದ ಬಂಡಿದಾರಿಯ ಮಾತೇನು?

ಎರಡನೆಯ ಕಾರಣ ಎಮ್ಮೆ. ಇದನ್ನು ಮುಂದೆ ಹೇಳುತ್ತೇನೆ.

ಸಿಕ್ಕಿಬಿದ್ದ ಮೇಲೆ ವಯಸ್ಸಾದವರ ದೇಹಕ್ಕೆ ಏನಾಗುತ್ತದೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ. ಮುಳುಗುವ ಭಯವಷ್ಟೇ ನಮ್ಮ ಕಣ್ಣಿಗೆ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ಕೂತರೆ ಆಗಸ್ಟ್ ತಿಂಗಳಲ್ಲೂ ಮೈಯ ಕಾವು ಇಳಿಯುತ್ತದೆ. ಹರೆಯದವರಿಗೆ ನಡುಕ ಬಂದು ಎಚ್ಚರಿಸುವಂತೆ ಎಪ್ಪತ್ತು ದಾಟಿದವರಿಗೆ ಎಚ್ಚರಿಸುವುದಿಲ್ಲ. ಬಾಯಾರಿಕೆಯೂ ಹಾಗೇ, ವಯಸ್ಸಾದಂತೆ ಮಂದವಾಗುತ್ತದೆ. ಸುತ್ತ ನೀರೇ ನೀರು, ಕುಡಿಯಲು ಹನಿ ಇಲ್ಲ. ಬಾವಿಗೂ ಹೊಳಿಗೂ ಒಂದೇ ಬಣ್ಣ. ಕಟ್ಟಿಗೆ ತೊಯ್ದಿರುತ್ತದೆ, ಒಲೆ ಹೊತ್ತುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳ ಡಬ್ಬಿ ಮಾಡಿನಲ್ಲಿ ಉಳಿದರೆ ಪುಣ್ಯ. ಈ ಸೀಮೆಯ ಒಂದು ಭಾಗ್ಯವೆಂದರೆ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಒಲೆ ಬೇಡ, ವಾರಗಟ್ಟಲೆ ಕೆಡುವುದಿಲ್ಲ, ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಇಬ್ಬರ ಹೊಟ್ಟೆಗೆ ಸಾಕು. ಮನೆಮನೆಗೆ ಗೊತ್ತಿರುವ ಈ ಗಂಟಿನ ಜೊತೆ ಗುಳಿಗೆಯ ಡಬ್ಬಿಯನ್ನೂ ಕುಡಿಯುವ ನೀರಿನ ಕ್ಯಾನನ್ನೂ ಏರಿಸಿಟ್ಟರೆ ಎರಡು ದಿನ ಎಂಬುದು ನಾಲ್ಕು ದಿನವಾಗಿ ಹಿಗ್ಗುತ್ತದೆ.

ಇನ್ನು ಹುಡುಕುವವರ ಪಾಡು. ಅವಘಡ ತಪ್ಪಿಸಲು ಹೆಸ್ಕಾಂನವರು ಕರೆಂಟು ತೆಗೆಯಲೇಬೇಕು. ತೆಗೆದ ಮರುದಿನ ಮೊಬೈಲುಗಳು ಸಾಯುತ್ತವೆ. ಮುಳುಗಿದ ಕಬ್ಬಿನ ಮೇಲೆ ಮೋಟಾರು ಬೋಟು ಓಡಿಸುವುದು ಹೊಳಿಯಲ್ಲಿ ಓಡಿಸಿದಂತಲ್ಲ. ರವದಿ ಫ್ಯಾನಿಗೆ ಸುತ್ತಿಕೊಳ್ಳುತ್ತದೆ, ನೀರಿನಡಿ ಬೇಲಿಯ ತಂತಿ ಇರುತ್ತದೆ, ಪಂಪಿನ ವೈರು ಇರುತ್ತದೆ. ಊರವರು ತಮ್ಮ ಕೈಲಾದದ್ದನ್ನು ತರುತ್ತಾರೆ: ಟ್ರ್ಯಾಕ್ಟರ್ ಟ್ಯೂಬು, ಥರ್ಮೋಕೋಲು, ಬೆಲ್ಲ ಕಾಯಿಸುವ ಕಡಾಯಿ. ಅಪಾಯ ಸಿಕ್ಕಿಬಿದ್ದವರಿಗೂ ಎತ್ತಲು ಹೋದವರಿಗೂ ಸಮಾನ. 2019ರ ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಸಂತ್ರಸ್ತರನ್ನು ತುಂಬಿಕೊಂಡು ಹೊರಟ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ತಿಂಗಳು ಗಂಗಾವತಿಯ ವಿರುಪಾಪುರ ಗಡ್ಡೆಯಲ್ಲಿ ರಕ್ಷಣೆಗೆ ಹೋದವರ ಬೋಟೇ ಮಗುಚಿ, ಅವರನ್ನು ಎತ್ತಲು ಹೆಲಿಕಾಪ್ಟರ್ ಬರಬೇಕಾಯಿತು. ಆದ್ದರಿಂದ ಬೋಟು ನೀರಿಗಿಳಿಯುವ ಮೊದಲು ಯಾವ ತೋಟ, ಎಷ್ಟು ಜನ ಎಂಬುದು ಖಚಿತವಿರಬೇಕು. ಊಹೆಯ ಮೇಲೆ ಒಂದು ಸುತ್ತು ಹೆಚ್ಚು ಹೊಡೆದರೂ ಯಾರದೋ ಜೀವ ಪಣಕ್ಕಿಟ್ಟಂತೆ.

ಸಾವಿರಾರು ಮೈಲಿ ದೂರದ ಎರಡು ಘಟನೆಗಳು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತವೆ. 2011ರ ಮಾರ್ಚಿನಲ್ಲಿ ಕೆನಡಾದ ಪೆಂಟಿಕ್ಟನ್‌ನಿಂದ ಲಾಸ್ ವೇಗಸ್‌ಗೆ ಹೊರಟ ಅರವತ್ತರ ಸಮೀಪದ ದಂಪತಿ ಜಿಪಿಎಸ್ ತೋರಿಸಿದ ಒಳದಾರಿ ಹಿಡಿದು ಅಮೆರಿಕದ ನೆವಾಡಾ ರಾಜ್ಯದ ಬೆಟ್ಟಗಳಲ್ಲಿ ಸಿಕ್ಕಿಕೊಂಡರು. ಕೆಸರಿನಲ್ಲಿ ವ್ಯಾನು ಹೂತಿತು. ಕೆಲವು ದಿನದ ಬಳಿಕ ಗಂಡ ಸಹಾಯ ತರುತ್ತೇನೆಂದು ನಡೆದು ಹೋದ, ಮರಳಲಿಲ್ಲ. ಹೆಂಡತಿ ವ್ಯಾನಿನಲ್ಲೇ ಉಳಿದಳು. ಇದ್ದ ಒಂದಿಷ್ಟು ಒಣಹಣ್ಣು, ಮಿಠಾಯಿ, ಹಿಮ ಕರಗಿದ ನೀರಿನ ಮೇಲೆ ಏಳು ವಾರ ಬದುಕಿದಳು. ಮೇ 6ರಂದು ಆ ದಾರಿಗೆ ಬಂದ ಬೇಟೆಗಾರರಿಗೆ ಸಿಕ್ಕಳು. ಗಂಡನ ಅವಶೇಷ ಸಿಕ್ಕಿದ್ದು ಮರುವರ್ಷ. ಅವರು ಹೆದ್ದಾರಿ ಬಿಟ್ಟದ್ದು ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ಹುಡುಕಾಟ ರಾಜ್ಯ ರಾಜ್ಯಗಳಷ್ಟು ಅಗಲವಾಗಿ ಹರಡಿ ತೆಳುವಾಗಿತ್ತು.

2022ರಲ್ಲಿ ಅದೇ ನೆವಾಡಾದಲ್ಲಿ, ಇಂಡಿಯಾನಾ ಕಡೆಯ 72ರ ಗಂಡ, 69ರ ಹೆಂಡತಿ ತಮ್ಮ ಮನೆಯಂಥ ವಾಹನದೊಂದಿಗೆ ಸಿಲ್ವರ್ ಪೀಕ್ ಹತ್ತಿರದ ಗುಡ್ಡದಲ್ಲಿ ಹೂತುಕೊಂಡರು. ಹಿಂದೆ ಎಳೆದುಕೊಂಡು ಬಂದಿದ್ದ ಕಾರಿನಲ್ಲಿ ಪಾರಾಗಲು ನೋಡಿದರೆ ಅದೂ ಹೂತಿತು. ಸೋದರಳಿಯನೊಬ್ಬ ಅವರು ಎಲ್ಲೋ ಇದ್ದಾರೆ, ಹುಡುಕಿ ಎಂದು ಪಟ್ಟು ಬಿಡದೆ ಕೂಗಿದ. ಏಪ್ರಿಲ್ 5ರಂದು ಅವರು ಸಿಕ್ಕಾಗ ಗಂಡ ತೀರಿಕೊಂಡಿದ್ದ, ಹೆಂಡತಿಗೆ ಜೀವವಿತ್ತು.

ಮರುಭೂಮಿಯಲ್ಲಿ ಸಿಕ್ಕಿಕೊಂಡವರಿಗೆ ಅಲ್ಲಿಯವರು ಹೇಳುವ ಬುದ್ಧಿ, ಗಾಡಿ ಬಿಟ್ಟು ಕದಲಬೇಡಿ ಎಂದು. ಮನುಷ್ಯನಿಗಿಂತ ಗಾಡಿ ಮೇಲಿನಿಂದ ಬೇಗ ಕಾಣುತ್ತದೆ. ಕೃಷ್ಣೆಯ ದಂಡೆಗೆ ಈ ಬುದ್ಧಿ ಅರ್ಧ ಮಾತ್ರ ಹೊಂದುತ್ತದೆ. ದಾರಿ ತೆರೆದಿರುವವರೆಗೆ ಬಿಟ್ಟು ಹೊರಡುವುದೇ ಸರಿ. ದಾರಿ ಮುಳುಗಿದ ಮೇಲೆ ಎದೆಮಟ್ಟದ ನೀರಲ್ಲಿ ಇಳಿಯುವುದಕ್ಕಿಂತ ಎತ್ತರ ಹಿಡಿದು, ಇಬ್ಬರೂ ಒಟ್ಟಿಗಿದ್ದು, ಬಣ್ಣದ ಸೀರೆಯೋ ತಾಡಪತ್ರಿಯೋ ಮೇಲಕ್ಕೆ ಕಟ್ಟುವುದು ಸರಿ. ಇದೇ ಕೃಷ್ಣೆಯ ಕೆಳಗಡೆ, ಸುರಪುರ ತಾಲ್ಲೂಕಿನ ನೀಲಕಂಠರಾಯನ ಗಡ್ಡಿಯಿಂದ 2013ರಲ್ಲಿ ದಿನ ತುಂಬಿದ ಬಸುರಿಯೊಬ್ಬಳು ಒಣ ಸೋರೆ, ಕುಂಬಳದ ಬುರುಡೆ ಕಟ್ಟಿಕೊಂಡು ತುಂಬಿದ ಹೊಳಿ ಈಜಿ ದಡ ಸೇರಿದಳು. ಮುಂದೆ ಹಿಂದೆ ಅವಳ ಮನೆಯ ಗಂಡಸರು ಈಜುತ್ತಿದ್ದರು. ನಾಡೆಲ್ಲ ಅವಳ ಎದೆಗಾರಿಕೆ ಮೆಚ್ಚಿತು. ಎಪ್ಪತ್ತೈದರ ಆಯಿಗೆ ಆ ದಾರಿ ಇಲ್ಲ. ಅವಳ ಬಳಿಗೆ ಯಾರಾದರೂ ಬರಬೇಕು, ಬರಲು ಅವಳು ಅಲ್ಲಿರುವುದು ಯಾರಿಗಾದರೂ ನೆನಪಿರಬೇಕು.

ಯಾರಿಗೆ ನೆನಪಿರುತ್ತದೆ? ಬೇರೆ ದಿನಗಳಲ್ಲಿ ಒಂದು ತೋಟದ ಮನೆ ಮೌನವಾದರೆ ಮೊದಲು ತಿಳಿಯುವುದು ಹಾಲಿನ ಡೇರಿಗೆ. ಎರಡು ಹೊತ್ತು ಬರುವ ಕ್ಯಾನು ಬರಲಿಲ್ಲ ಎಂದರೆ ಸಂಜೆಯೊಳಗೆ ಯಾರೋ ವಿಚಾರಿಸುತ್ತಾರೆ. ಮಹಾಪೂರದಲ್ಲಿ ಈ ಗುರುತು ಕೆಲಸಕ್ಕೆ ಬಾರದು, ಎಲ್ಲರ ಹಾಲೂ ಅಂದು ನಿಂತಿರುತ್ತದೆ. ಅಜ್ಜ ಸಂತ್ರಸ್ತರ ಕಾಳಜಿ ಕೇಂದ್ರದಲ್ಲಿದ್ದಾನೆಂದು ಮಗ ತಿಳಿಯುತ್ತಾನೆ, ಕೇಂದ್ರದವರು ನೆಂಟರ ಮನೆಗೆ ಹೋಗಿರಬೇಕೆಂದು ತಿಳಿಯುತ್ತಾರೆ, ನೆಂಟರು ಮಗನ ಹತ್ತಿರ ಹೋದನೆಂದು ತಿಳಿಯುತ್ತಾರೆ. ಮೂರು ಒಳ್ಳೆಯ ಊಹೆಗಳ ನಡುವೆ ಇಬ್ಬರು ಕಾಣೆಯಾಗುತ್ತಾರೆ. ನನಗೆ ಪ್ರವಾಹದ ನೀರಿಗಿಂತ ಈ ಊಹೆಗಳೇ ಹೆಚ್ಚು ಭಯ ಹುಟ್ಟಿಸುತ್ತವೆ.

ಜಿಲ್ಲಾಡಳಿತದ 1077 ಸಂಖ್ಯೆಗೆ ಯಾರಾದರೂ ಕರೆ ಮಾಡಬೇಕಾದರೆ ಆ ಯಾರಾದರೂ ಮೊದಲೇ ಗೊತ್ತಾಗಿರಬೇಕು. ಮಾಹಿತಿ ಊರಲ್ಲಿ ಇಲ್ಲದೇ ಇಲ್ಲ. ಯಾವ ಅಜ್ಜನಿಗೆ ಯಾವ ಗುಳಿಗೆ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತು. ಯಾವ ತೋಟಕ್ಕೆ ಯಾವ ದಾರಿ ಎಂಬುದು ಲೈನ್‌ಮನ್‌ಗೆ, ಪೋಸ್ಟ್‌ಮನ್‌ಗೆ, ಕಬ್ಬಿನ ಗ್ಯಾಂಗಿನವರಿಗೆ ಗೊತ್ತು. ಇವರೆಲ್ಲರ ನೆನಪು ಮೇ ತಿಂಗಳಲ್ಲಿ ಒಂದು ಹಾಳೆಯ ಮೇಲೆ ಇಳಿದು ಪಂಚಾಯ್ತಿಯ ಗೋಡೆಗೂ ಬೋಟಿನವರ ಕೈಗೂ ಮುಟ್ಟಬೇಕು: ತೋಟದ ಹೆಸರು, ಇರುವ ಜನ, ನಡೆಯಲಾಗದವರು, ಅವರ ಪರವಾಗಿ ಎರಡು ಹೊತ್ತು ಫೋನು ಮಾಡಿ ಕೇಳುವ ಒಬ್ಬರು.

ಆ ಹಾಳೆಯಲ್ಲಿ ಎಮ್ಮೆಗಳ ಸಂಖ್ಯೆಯನ್ನೂ ಬರೆಯಬೇಕು. ಹೊರಡುವುದಿಲ್ಲ ಎಂದ ಅಜ್ಜನ ಮನಸ್ಸಿನಲ್ಲಿ 2005ರ ಗುರುತು ಎಷ್ಟಿದೆಯೋ ಅಷ್ಟೇ ಗೂಟಕ್ಕೆ ಕಟ್ಟಿದ ಎರಡು ಎಮ್ಮೆ, ಒಂದು ಕರು ಇರುತ್ತವೆ. “ಮೂಕ ಪ್ರಾಣಿ ಬಿಟ್ಟು ಹ್ಯಾಂಗ ಬರಲಿ” ಎನ್ನುವ ಆಯಿಗೆ ಉತ್ತರ ಕೊಡಬೇಕಾದ್ದು ಮಾತಿನಲ್ಲಲ್ಲ. ಟ್ರ್ಯಾಕ್ಟರಿನ ಟ್ರೇಲರ್ ದನ ಏರಿಸಲು ಹಲಗೆಯೊಂದಿಗೆ ಬರಬೇಕು, ಕಾಳಜಿ ಕೇಂದ್ರದ ಪಕ್ಕದಲ್ಲೇ ದನ ಕಟ್ಟಲು ಎತ್ತರದ ಜಾಗ, ಮೇವು ಇರಬೇಕು, ಇವೆಲ್ಲ ಕೊಯ್ನಾದ ಗೇಟು ಏಳುವ ಮೊದಲೇ ಆಗಬೇಕು. ಎಮ್ಮೆ ಟ್ರೇಲರ್ ಹತ್ತಿದರೆ ಅಜ್ಜ ತಾನಾಗಿ ಹತ್ತುತ್ತಾನೆ, ಆಯಿ ಅದಕ್ಕೂ ಮೊದಲೇ ಕರುವಿನ ಹಗ್ಗ ಹಿಡಿದು ನಿಂತಿರುತ್ತಾಳೆ.