ಕಡಲಿಲ್ಲದ ಊರಿನಿಂದ ಕಡಲಿನ ಬಣ್ಣ ನೋಡುತ್ತಾ

ಹೈದರಾಬಾದಿಗೆ ಕಡಲಿಲ್ಲ. ತೀರ ಮುಟ್ಟಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು. ಆದರೂ ದೇಶದ ಕಡಲಿನ ಮೇಲೆ ದಿನವೂ ಕಣ್ಣಿಡುವ ಸಂಸ್ಥೆ ಇರುವುದು ಇಲ್ಲಿನ ಪ್ರಗತಿ ನಗರದಲ್ಲಿ. ಅದು 1999ರಲ್ಲಿ ಶುರುವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಚಿಕ್ಕದಾಗಿ ಇನ್‌ಕಾಯ್ಸ್. ಸುನಾಮಿ ಎಚ್ಚರಿಕೆಯಿಂದಾಗಿ ಅದರ ಹೆಸರು ನಮಗೆ ಗೊತ್ತು. ಉಪಗ್ರಹದಿಂದ ಕಡಲಿನ ಬಣ್ಣ ನೋಡಿ ನೀರಿನ ಸ್ಥಿತಿ ಹೇಳುವ ಅದರ ಕೆಲಸ ಅಷ್ಟಾಗಿ ಗೊತ್ತಿಲ್ಲ.

ಕರಾವಳಿ ಬಿಟ್ಟು ಬಂದ ನಮ್ಮಂಥವರಿಗೆ ಊರಿನಿಂದ ಒಮ್ಮೊಮ್ಮೆ ಫೋನು ಬರುತ್ತದೆ: ‘ನೀರು ಕೆಂಪಾಗಿದೆ, ಮೀನು ತಿನ್ನಬಹುದಾ?’ ಈ ಪ್ರಶ್ನೆಗೆ ಉಪಗ್ರಹ ಉತ್ತರಿಸಬಲ್ಲದೇ?

ತತ್ವ ಸರಳ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳಲ್ಲಿ ಪತ್ರಹರಿತ್ತು ಇರುತ್ತದೆ. ಅದು ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಹೆಚ್ಚುಕಡಿಮೆ ಬಿಟ್ಟುಕೊಡುತ್ತದೆ. ಹಾಗಾಗಿ ನೀರಿನಿಂದ ಮೇಲೆ ಬರುವ ನೀಲಿ, ಹಸಿರು ಬೆಳಕಿನ ಪ್ರಮಾಣ ಹೋಲಿಸಿದರೆ ಪಾಚಿ ಎಷ್ಟಿದೆ ಎಂದು ಅಂದಾಜಿಸಬಹುದು. 1978ರಲ್ಲಿ ನಾಸಾದ ನಿಂಬಸ್-7 ಉಪಗ್ರಹ ಇದನ್ನು ಮೊದಲು ಮಾಡಿ ತೋರಿಸಿತು. ಇಸ್ರೋ 1999ರಲ್ಲಿ ಓಷನ್‌ಸ್ಯಾಟ್-1, 2009ರಲ್ಲಿ ಓಷನ್‌ಸ್ಯಾಟ್-2 ಹಾರಿಸಿತು. 2022ರ ನವೆಂಬರ್ 26ರಂದು ಹೋದ ಓಷನ್‌ಸ್ಯಾಟ್-3ರ ಕ್ಯಾಮೆರಾ 13 ಬಣ್ಣಪಟ್ಟಿಗಳಲ್ಲಿ ಕಡಲನ್ನು ನೋಡುತ್ತದೆ.

ಕಷ್ಟ ಇರುವುದು ಅಳತೆಯಲ್ಲಿ. ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಶೇ 90ರಷ್ಟು ಗಾಳಿ ಮತ್ತು ದೂಳಿನ ಕಣಗಳಿಂದ ಚದುರಿ ಬಂದದ್ದು. ಅದನ್ನು ಕಳೆದು ಉಳಿದುದರಲ್ಲಿ ನೀರಿನ ಮಾತು ಕೇಳಬೇಕು. ಆಳ ಸಮುದ್ರದಲ್ಲಿ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ. ತೀರದಲ್ಲಿ ಹಾಗಲ್ಲ. ನೇತ್ರಾವತಿ, ಶರಾವತಿ, ಕಾಳಿ ನದಿಗಳು ಮಣ್ಣು ತರುತ್ತವೆ. ಕೊಳೆತ ಎಲೆಗಳ ಕಂದು ರಸವೂ ನೀರಿಗೆ ಸೇರುತ್ತದೆ. ಆ ರಸವೂ ನೀಲಿ ಬೆಳಕನ್ನೇ ಹೀರುವುದರಿಂದ ಪಾಚಿ ಇಲ್ಲದ ಕಡೆಯೂ ಇದೆ ಎಂದು ನಕಾಶೆ ತೋರಿಸಿಬಿಡಬಹುದು. ಮಣ್ಣು, ರಸ, ಪಾಚಿ ಮೂರನ್ನೂ ಬೇರ್ಪಡಿಸಲೆಂದೇ ಹೆಚ್ಚು ಬಣ್ಣಪಟ್ಟಿಗಳು ಬೇಕಾದದ್ದು.

ಇನ್ನೊಂದು ಮಿತಿ ನಮ್ಮ ಮಳೆಗಾಲದ್ದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿಗಳು ಅತಿ ಹೆಚ್ಚು ಮಣ್ಣು, ಕೊಳೆ ಹೊತ್ತು ತರುತ್ತವೆ. ಆಳದ ತಣ್ಣೀರು ಮೇಲೆದ್ದು ಪಾಚಿಗೆ ಗೊಬ್ಬರ ಸಿಗುವುದೂ ಆಗಲೇ. ಅದೇ ಸಮಯಕ್ಕೆ ಮೋಡ ಮುಚ್ಚಿ ಉಪಗ್ರಹ ಕುರುಡಾಗುತ್ತದೆ. ಮೇಲಾಗಿ ಓಷನ್‌ಸ್ಯಾಟ್-3ರ ಚಿತ್ರದ ಒಂದು ಚುಕ್ಕೆ ಸುಮಾರು 360 ಮೀಟರ್ ಅಗಲ. ಸಣ್ಣ ಅಳಿವೆ ಆ ಒಂದೇ ಚುಕ್ಕೆಯಲ್ಲಿ ಮುಳುಗಿಹೋಗುತ್ತದೆ.

ಬಣ್ಣವಿಲ್ಲದ ವಿಷ ಇದಕ್ಕೆ ಕಾಣುವುದೇ ಇಲ್ಲ. ಮಲದ ಬ್ಯಾಕ್ಟೀರಿಯಾ, ಕರಗಿದ ಸೀಸ, ಪಾದರಸ, ನೀರಿನಲ್ಲಿ ಉಳಿದ ಆಮ್ಲಜನಕ – ಇವಕ್ಕೆ ಬಾಟಲಿಯಲ್ಲಿ ನೀರು ತುಂಬಿಸಿ ಪ್ರಯೋಗಾಲಯಕ್ಕೇ ಒಯ್ಯಬೇಕು, ಇಲ್ಲವೇ ಕಡಲಲ್ಲೇ ಉಪಕರಣ ಇಡಬೇಕು. ಕೊಚ್ಚಿ, ವಿಶಾಖಪಟ್ಟಣದ ತೀರಗಳಲ್ಲಿ ಇನ್‌ಕಾಯ್ಸ್ ತೇಲು ಉಪಕರಣ ಇಟ್ಟಿರುವುದು ಇದಕ್ಕಾಗಿಯೇ.

ಹಾಗಾದರೆ ಉಪಗ್ರಹದ ಉಪಯೋಗವೇನು? ವಿಸ್ತಾರ ಮತ್ತು ಎಚ್ಚರಿಕೆ. ದೋಣಿಯಲ್ಲಿ ಹೋದವರು ದಿನಕ್ಕೆ ಕೆಲವು ಕಡೆ ನೀರು ಎತ್ತಬಹುದು. ಉಪಗ್ರಹ ಒಮ್ಮೆ ಹಾದುಹೋಗುವಾಗ ನೂರಾರು ಕಿಲೋಮೀಟರ್ ತೀರ ನೋಡುತ್ತದೆ. ಪಾಚಿ ಎಲ್ಲಿ ಉಕ್ಕಿದೆ, ಎತ್ತ ಸರಿಯುತ್ತಿದೆ ಎಂದು ಗೊತ್ತಾದರೆ ಬಾಟಲಿ ಎಲ್ಲಿಗೆ ಒಯ್ಯಬೇಕೆಂಬುದೂ ಗೊತ್ತಾಗುತ್ತದೆ. ಮೀನು ಸಿಗಬಹುದಾದ ತಾಣಗಳ ಮುನ್ಸೂಚನೆಗೂ ಇದೇ ಬಣ್ಣದ ಮಾಹಿತಿ, ನೀರಿನ ಉಷ್ಣತೆಯ ಜೊತೆ, ಆಧಾರ.

ಊರಿನ ಫೋನಿಗೆ ಕೊಡಬಹುದಾದ ಉತ್ತರ ಇಷ್ಟು. ನೀರಿಗೆ ಕೆಂಪು ಬಣ್ಣ ಕೊಡುವ ನಾಕ್ಟಿಲುಕಾ ಮನುಷ್ಯರಿಗೆ ವಿಷ ಉಂಟುಮಾಡುವಂಥದ್ದಲ್ಲ. 2019ರ ಆಗಸ್ಟ್‌ನಲ್ಲಿ ಚೆನ್ನೈನ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದದ್ದೂ ಇಂಥದೇ ಜೀವಿಯಿಂದ. ಆದರೆ ಅದು ಅತಿಯಾದರೆ ಆಮ್ಲಜನಕ ಕುಸಿದು ಮೀನು ಸಾಯುತ್ತದೆ. ಬೇರೆ ಕೆಲವು ಪಾಚಿಗಳು ನಿಜಕ್ಕೂ ವಿಷಕಾರಿ. ಬಂದದ್ದು ಯಾವುದು ಎಂದು ಖಚಿತವಾಗಿ ಹೇಳಲು ಸೂಕ್ಷ್ಮದರ್ಶಕವೇ ಬೇಕು. ಅಲ್ಲಿಯವರೆಗೆ ಆ ನೀರಿನ ಮರುವಾಯಿ, ಕಪ್ಪೆಚಿಪ್ಪು ಬೇಡ. ಅವು ನೀರನ್ನು ಸೋಸಿ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ, ಬೇಯಿಸಿದರೂ ಅದು ಹೋಗುವುದಿಲ್ಲ. ತೇಲಿಬಂದ ಸತ್ತ ಮೀನೂ ಬೇಡ.

ಇನ್‌ಕಾಯ್ಸ್ ಜಾಲತಾಣದ ನಕಾಶೆಗಳನ್ನು ಯಾರು ಬೇಕಾದರೂ ನೋಡಬಹುದು. ದಿನಾಂಕ ನೋಡಿ, ಮೋಡದ ಖಾಲಿ ಜಾಗ ನೋಡಿ, ನದೀಮುಖದ ಕೆಂಪು ಚುಕ್ಕೆಯನ್ನು ಕೂಡಲೇ ನಂಬಬೇಡಿ. ಅಲ್ಲಿ ನೀರು ಎತ್ತಿ ಪರೀಕ್ಷಿಸಿದ್ದಾರೆಯೇ ಎಂದು ಊರಿನ ಪಂಚಾಯಿತಿಯನ್ನು, ಮೀನುಗಾರಿಕೆ ಇಲಾಖೆಯನ್ನು ಕೇಳಿ. ದೂರದಲ್ಲಿದ್ದೂ ನಾವು ಕೇಳಬಹುದಾದ ಪ್ರಶ್ನೆ ಅದು.