ಎಳೆಯುವುದೋ, ಹೇರುವುದೋ?

ಕೆಟ್ಟು ನಿಂತ ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯದೆ ಲಾರಿಯ ಮೇಲೆ ಹೇರಿಕೊಂಡು ಹೋಗುವುದೇಕೆ?

ಕಾರಣ ಗೇರ್‌ಬಾಕ್ಸ್‌ನೊಳಗಿದೆ. ಸಾಮಾನ್ಯವಾಗಿ ಇಂಥ ಕಾರಿನಲ್ಲಿ ಗೇರ್‌ಬಾಕ್ಸಿಗೆ ಎಣ್ಣೆ ಹರಿಸುವ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತರೆ ಪಂಪೂ ನಿಂತಿತು. ಆಗ ಕಾರನ್ನು ಎಳೆದರೆ ಉರುಳುವ ಚಕ್ರಗಳು ಗೇರ್‌ಬಾಕ್ಸಿನ ಭಾಗಗಳನ್ನೂ ತಿರುಗಿಸುತ್ತವೆ; ಎಣ್ಣೆ ಮಾತ್ರ ತಲುಪುವುದಿಲ್ಲ. ಹಿಟ್ಟಿಲ್ಲದ ಗ್ರೈಂಡರ್ ಬರಿದೇ ತಿರುಗಿದರೆ ಕಲ್ಲಿಗೆ ಕಲ್ಲು ಉಜ್ಜಿ ಸವೆಯುತ್ತದಲ್ಲ, ಹಾಗೆ. ಬಿಸಿಯೇರಿ ಒಳಭಾಗಗಳು ಹಾಳಾದರೆ ಸಣ್ಣ ರಿಪೇರಿ ದೊಡ್ಡ ಖರ್ಚಾಗುತ್ತದೆ.

ವಿದ್ಯುತ್ ಕಾರಿನ ತೊಂದರೆ ಬೇರೆ. ಅಲ್ಲಿ ಚಕ್ರ ಉರುಳಿದರೆ ಮೋಟಾರೇ ಜನರೇಟರಿನಂತೆ ವಿದ್ಯುತ್ ಹುಟ್ಟಿಸಿ ಒಳಗಿನ ಎಲೆಕ್ಟ್ರಾನಿಕ್ಸಿಗೆ ಪೆಟ್ಟು ಕೊಡಬಹುದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಮುಂದಿನ ಎರಡು ಚಕ್ರ ಎತ್ತಿದರೂ ಸಾಲದು. ಹೀಗಾಗಿ ಚಪ್ಪಟೆ ಹಾಸಿನ ಲಾರಿಯೇ ಕ್ಷೇಮ. ಹಾಸನ್ನು ಓರೆಯಾಗಿ ಇಳಿಸಿ, ವಿಂಚಿನ ಉಕ್ಕಿನ ಹಗ್ಗದಿಂದ ಕಾರನ್ನು ಮೇಲೆಳೆದು, ಚಕ್ರಗಳನ್ನು ಪಟ್ಟಿಯಿಂದ ಬಿಗಿಯುತ್ತಾರೆ.

ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉತ್ತರಿಸುತ್ತಾರೆ. ಕಾರು ಆಟೋಮ್ಯಾಟಿಕ್ಕೋ ವಿದ್ಯುತ್ತಿನದೋ ಎಂದು ಮೊದಲೇ ಹೇಳಿಬಿಡಿ. ಕಾಯುವಾಗ ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಎಲ್ಲರೂ ರಸ್ತೆಯ ತಡೆಗೋಡೆಯಾಚೆ ನಿಲ್ಲಿ. ದಯವಿಟ್ಟು ಕಾರಿನೊಳಗೆ ಮಾತ್ರ ಕೂರಬೇಡಿ.